ಸುಣ್ಣ ಹೊಡೆಯದ ಬಾಗೆ ಮರ

ಜನವರಿ ಹತ್ತು ದಾಟಿತೆಂದರೆ ನೋಯ್ಡಾದ ನಮ್ಮ ಸೊಸೈಟಿಯಲ್ಲಿ ಸುಣ್ಣದ ಬಕೆಟ್ಟು ಹೊರಬೀಳುತ್ತದೆ. ಇಪ್ಪತ್ತಾರನೇ ತಾರೀಖಿನ ಬಾವುಟಕ್ಕೆ ಇನ್ನೂ ಎರಡು ವಾರವಿರುವಾಗಲೇ ಗೇಟಿನಿಂದ ಹಿಡಿದು ಕ್ಲಬ್‌ಹೌಸಿನವರೆಗೆ ಪ್ರತಿ ಮರದ ಬುಡಕ್ಕೂ ಕೆಮ್ಮಣ್ಣು, ಅದರ ಮೇಲೊಂದು ಬಿಳಿ ಪಟ್ಟಿ. ಇಲ್ಲಿರುವವರಲ್ಲಿ ಅರ್ಧಕ್ಕರ್ಧ ಸೈನ್ಯದಿಂದ ನಿವೃತ್ತರಾದವರು. ಮರವೂ ಕಾಲುಚೀಲ ಹಾಕಿಕೊಂಡು ಪೆರೇಡಿಗೆ ನಿಂತ ಹಾಗೆ ಕಾಣದಿದ್ದರೆ ಇವರಿಗೆ ತಿಂದ ಅನ್ನ ಮೈಗೆ ಹತ್ತುವುದಿಲ್ಲ. ನನಗೋ ಆ ಹಸಿ ಸುಣ್ಣದ ವಾಸನೆ ಮೂಗಿಗೆ ಬಡಿದರೆ ಸಾಕು, ಮೈಯೆಲ್ಲ ಉರಿಯುತ್ತದೆ. ಆ ಉರಿ ಯಾರ ಮೇಲಿನದು ಎಂಬ ವಿಷಯದಲ್ಲಿ ಎರಡು ವರ್ಷ ಸುಳ್ಳು ಹೇಳಿಕೊಂಡು ಬಂದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮಪ್ಪ ಸುಬೇದಾರರಾಗಿ ನಿವೃತ್ತರಾದವರು, ಸೋಮವಾರಪೇಟೆ ಕಡೆಯವರು. ನನ್ನ ಗಂಡನೂ ಸೈನ್ಯದಲ್ಲೇ ಇದ್ದಾರೆ. ಅವರಿಗೆ ಗಡಿಯ ಕಡೆ ಪೋಸ್ಟಿಂಗ್ ಆದಾಗ ಮನೆಯಲ್ಲಿ ನಾನು, ನನ್ನ ಮಗಳು ಇಬ್ಬರೇ ಉಳಿದೆವು. ಸುದ್ದಿ ತಿಳಿದ ವಾರದಲ್ಲೇ ಅಪ್ಪ ಕಬ್ಬಿಣದ ಕಪ್ಪು ಟ್ರಂಕು ಹೊತ್ತುಕೊಂಡು ನಿಜಾಮುದ್ದೀನ್ ಸ್ಟೇಷನ್ನಿನಲ್ಲಿ ಇಳಿದರು. ಅಮ್ಮ ಹೋಗಿ ಆಗಲೇ ಆರು ವರ್ಷವಾಗಿತ್ತು. ಬಂದ ತಿಂಗಳೊಪ್ಪತ್ತಿನಲ್ಲೇ ಸೊಸೈಟಿಯ ತೋಟದ ಉಸ್ತುವಾರಿ ಅಪ್ಪನ ಕೈಗೆ ಬಂತು. ಯಾರೂ ಕೊಡಲಿಲ್ಲ, ಅವರೇ ತೆಗೆದುಕೊಂಡರು. ಮಾಲಿ ಭಯ್ಯಾಗಳು 'ಸೂಬೇದಾರ್ ಸಾಬ್' ಎಂದರೆ ಅಪ್ಪನ ಬೆನ್ನು ಇನ್ನೂ ಒಂದು ಅಂಗುಲ ನೆಟ್ಟಗಾಗುತ್ತಿತ್ತು.

"ನಮ್ಮಲ್ಲಿ ಒಂದೇ ರೂಲು," ಎಂದು ಮೊಮ್ಮಗಳಿಗೆ ಹೇಳಿಕೊಡುತ್ತಿದ್ದರು. "ಅಲುಗಾಡಿದ್ರೆ ಸೆಲ್ಯೂಟ್ ಹೊಡಿ. ಅಲುಗಾಡ್ದಿದ್ರೆ ಸುಣ್ಣ ಹೊಡಿ."

ಅವಳು ಬಿದ್ದು ಬಿದ್ದು ನಗುತ್ತಿದ್ದಳು. ನಾನೂ ನಗುತ್ತಿದ್ದೆ, ಆಗ.

ನನ್ನ ಕೆಲಸ ಸೂಕ್ಷ್ಮಜೀವಿಗಳದ್ದು. ಆಗ ದೆಹಲಿಯ ಒಂದು ಸಂಶೋಧನಾ ಸಂಸ್ಥೆಯಲ್ಲಿ ಪ್ರಾಜೆಕ್ಟಿನ ಮೇಲೆ ಇದ್ದೆ. ಪ್ರಾಜೆಕ್ಟ್ ಇರುವಷ್ಟು ದಿನ ಕುರ್ಚಿ, ಮುಗಿದ ದಿನ ನಮಸ್ಕಾರ. ನಲವತ್ತೊಂದು ವರ್ಷ ವಯಸ್ಸಿನಲ್ಲೂ ಗುರುತಿನ ಚೀಟಿಯ ಮೇಲೆ 'ತಾತ್ಕಾಲಿಕ' ಎಂದೇ ಇತ್ತು. ಹುಡುಕುತ್ತಿದ್ದದ್ದು ಮಾತ್ರ ಸಣ್ಣದಲ್ಲ. ಆಸ್ಪತ್ರೆಗಳಲ್ಲಿ ಈಗ ಯಾವ ಔಷಧಿಗೂ ಬಗ್ಗದ ರೋಗಾಣುಗಳಿವೆ. ನಾವು ನುಂಗುವ ಬಹಳಷ್ಟು ಆಂಟಿಬಯೋಟಿಕ್‌ಗಳು ಮೂಲದಲ್ಲಿ ಮಣ್ಣಿನ ಸೂಕ್ಷ್ಮಜೀವಿಗಳಿಂದ ಬಂದವು. ಆ ಮಣ್ಣನ್ನು ಜಗತ್ತಿನವರೆಲ್ಲ ಅಗೆದು ಅಗೆದು ಕಂಡದ್ದನ್ನೇ ಮತ್ತೆ ಕಾಣುತ್ತಿದ್ದಾರೆ. ಹಾಗಾಗಿ ನಮ್ಮ ಮೇಡಂ, ಅಂದರೆ ಲ್ಯಾಬಿನ ಮುಖ್ಯಸ್ಥೆ, ಮರದ ತೊಗಟೆ ನೋಡೋಣ ಎಂದರು. ತೊಗಟೆಯ ಬಿರುಕಿನಲ್ಲಿ ತಿನ್ನಲು ಗತಿಯಿಲ್ಲ, ಬೇಸಿಗೆಯಲ್ಲಿ ಸುಡುಬಿಸಿಲು, ಚಳಿಗಾಲದಲ್ಲಿ ದೆಹಲಿಯ ಮಸಿ. ಅಷ್ಟರಲ್ಲೇ ಸಾವಿರಾರು ಬಗೆಯ ಜೀವಿಗಳು ಒತ್ತಿಕೊಂಡು ಬದುಕಬೇಕು. ಬೆಳಗ್ಗೆ ಒಂಬತ್ತರ ಮೆಟ್ರೋದಲ್ಲಿ ನಿಲ್ಲುವ ಜಾಗಕ್ಕೆ ನಡೆಯುವ ಜಗಳವೇ ಅಲ್ಲೂ ನಡೆಯುತ್ತದೆ. ಪಕ್ಕದವನನ್ನು ದೂರವಿಡಲು ಕೆಲವು ಜೀವಿಗಳು ತಮ್ಮ ಸುತ್ತ ಒಂದು ಬಗೆಯ ವಿಷ ಬಿಡುತ್ತವೆ. ಅವುಗಳಲ್ಲಿ ಯಾವುದೋ ಒಂದು ನಮಗೆ ಮದ್ದಾಗಬಹುದು. ಆಗಬಹುದು, ಅಷ್ಟೇ.

ಇದನ್ನು ಜನರಿಗೆ ವಿವರಿಸುವಷ್ಟರಲ್ಲಿ ನನಗೆ ಸಾಕುಸಾಕಾಗುತ್ತಿತ್ತು. ಲಿಫ್ಟಿನಲ್ಲಿ ಸಿಕ್ಕ ಆಂಟಿ, "ಅಚ್ಛಾ, ನೀಮ್?" ಎನ್ನುವರು. ಬೇವಲ್ಲ ಎಂದರೆ, "ತೋ ಪೀಪಲ್?" ಅರಳಿಯೂ ಅಲ್ಲ ಆಂಟಿ, ಯಾವ ಮರವೂ ಅಲ್ಲ, ಮರದ ಮೇಲೆ ಕೂತಿರುವ ಕಣ್ಣಿಗೆ ಕಾಣದ ಜೀವಿಗಳು ಎಂದರೆ ಅವರ ಮುಖ ಬಾಡುತ್ತಿತ್ತು. ಕೊನೆಗೆ, "ನಮ್ಮಜ್ಜಿ ತೊಗಟೆ ಕಷಾಯ ಮಾಡ್ತಿದ್ದರು, ಅದರಲ್ಲೇನು ಹೊಸದು?" ಎಂದು ಕೇಳಿ ಐದನೇ ಮಹಡಿಯಲ್ಲಿ ಇಳಿದು ಹೋಗುವರು. ಥೂ, ನನ್ನ ಓದಿಗಿಷ್ಟು! ಅಪ್ಪ ಮಾತ್ರ ಒಂದನ್ನೂ ಕೇಳದೆ ಎಲ್ಲವನ್ನೂ ನಂಬಿದ್ದರು. "ಮೇರಿ ಬೇಟಿ ದವಾಯಿ ಬನಾ ರಹೀ ಹೈ" ಮಗಳು ಮದ್ದು ಮಾಡುತ್ತಿದ್ದಾಳೆ ಎಂದು ಪಾರ್ಕಿನ ಬೆಂಚಿನ ಮೇಲೆ ಕೂತು ಇಡೀ ರೆಜಿಮೆಂಟಿಗೆ ಸಾರಿದ್ದರು. ಇನ್ನೂ ಮದ್ದಾಗಿಲ್ಲ ಅಪ್ಪಾ, ಆಗುವುದಿದ್ದರೂ ಹತ್ತು ಹದಿನೈದು ವರ್ಷ ಬೇಕು ಎಂದರೆ, "ಆಗ್ಲಿ ಬಿಡು, ನಾನೆಲ್ಲಿ ಹೋಗ್ತೀನಿ" ಎನ್ನುತ್ತಿದ್ದರು.

ಎರಡು ವರ್ಷ ಮರ ಕೆರೆದೆ. ಪಾರ್ಕುಗಳಲ್ಲಿ, ರಸ್ತೆಬದಿಯಲ್ಲಿ, ಹಳೆಯ ಗೋರಿಗಳ ಅಂಗಳದಲ್ಲಿ. ಅನುಮತಿಯ ಕಾಗದ ಕೈಯಲ್ಲೇ ಇದ್ದರೂ ಗಾರ್ಡುಗಳು ಬೆನ್ನಟ್ಟುತ್ತಿದ್ದರು. "ಮೇಡಂ, ಪೇಡ್ ಕೋ ಕ್ಯೂಂ ಛೀಲ್ ರಹೀ ಹೋ?" ಮರ ಯಾಕೆ ಸುಲಿಯುತ್ತಿದ್ದೀರಿ ಎಂದು ಒಬ್ಬ ಚಹಾದವನು ನನ್ನನ್ನು ಮಾಟಗಾತಿಯಂತೆ ನೋಡಿದ್ದ. ಲ್ಯಾಬಿಗೆ ತಂದು ಪ್ಲೇಟಿನ ಮೇಲೆ ಹರಡಿದರೆ ಹತ್ತರಲ್ಲಿ ಎಂಟು ಬರೀ ಬೂಷ್ಟು. ಉಳಿದೆರಡರಲ್ಲಿ ಬೆಳೆದದ್ದನ್ನು ರೋಗಾಣುವಿನ ಪಕ್ಕ ಇಟ್ಟರೆ ರೋಗಾಣು ಇವನ್ನು ಲೆಕ್ಕಕ್ಕೇ ಇಡದೆ ಹಾಯಾಗಿ ಹಬ್ಬುತ್ತಿತ್ತು. ದಿನಾ ಬೆಳಗ್ಗೆ ಇನ್‌ಕ್ಯುಬೇಟರಿನ ಬಾಗಿಲು ತೆಗೆಯುವುದು, ನೋಡುವುದು, 'ಏನೂ ಇಲ್ಲ' ಎಂದು ನೋಟ್‌ಬುಕ್ಕಿನಲ್ಲಿ ಬರೆಯುವುದು. ಒಂದೊಂದು ದಿನ ಆ ನೋಟ್‌ಬುಕ್ಕನ್ನು ಕಿಟಕಿಯಿಂದಾಚೆ ಎಸೆಯಬೇಕು ಅನ್ನಿಸುತ್ತಿತ್ತು.

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ನಾನೂ ನಂಬಿದ್ದೆನೋ ಏನೋ. ನಮ್ಮ ಸೊಸೈಟಿಯ ಎರಡನೇ ಗೇಟಿನ ಪಕ್ಕದ ಬಾಗೆ ಮರವನ್ನು ಎರಡು ವರ್ಷವೂ ದಾಟಿ ಓಡಾಡಿದ್ದೆ, ಒಂದು ದಿನವೂ ಮುಟ್ಟಿರಲಿಲ್ಲ. ಇಲ್ಲಿನವರು ಅದನ್ನು ಸಿರಸ್ ಎನ್ನುತ್ತಾರೆ. ಪೂಜೆಗಿಲ್ಲ, ಹಣ್ಣಿಗಿಲ್ಲ, ಚಳಿಗಾಲದಲ್ಲಿ ಎಲೆ ಉದುರಿಸಿ ಒಣಗಿದ ಹಳದಿ ಕಾಯಿಗಳನ್ನು ಗಲಗಲ ಅನ್ನಿಸುತ್ತ ನಿಂತಿರುತ್ತದೆ. ಒಂದು ಅಕ್ಟೋಬರಿನ ಬೆಳಗ್ಗೆ ಕ್ಯಾಬು ಬರುವುದು ತಡವಾಯಿತು. ಬೇಜಾರಿಗೆ ಬ್ಯಾಗಿನಿಂದ ಚಾಕು, ಟ್ಯೂಬು ತೆಗೆದು, ಎದೆಯೆತ್ತರದಲ್ಲಿದ್ದ ಒಂದು ಬಿರುಕಿನಿಂದ ಚೂರು ತೊಗಟೆ ಕೆರೆದುಕೊಂಡೆ.

ಹತ್ತು ದಿನಕ್ಕೆ ಪ್ಲೇಟಿನ ಮೇಲೆ ಬೂದು ಬಣ್ಣದ, ಹಿಟ್ಟು ಚಿಮುಕಿಸಿದಂಥ ಒಂದು ಚುಕ್ಕೆ ಎದ್ದಿತು. ಮುಚ್ಚಳ ತೆಗೆದರೆ ಮೊದಲ ಮಳೆಯ ಮಣ್ಣಿನ ವಾಸನೆ. ಅದನ್ನು ಆಸ್ಪತ್ರೆಯಿಂದ ತಂದಿದ್ದ, ಔಷಧಿಗೆ ಬಗ್ಗದ ರೋಗಾಣುವಿನ ನಡುವೆ ಇಟ್ಟೆ. ಮರುದಿನ ನೋಡಿದರೆ ಪ್ಲೇಟೆಲ್ಲ ರೋಗಾಣುವಿನ ಮಂಜು, ನನ್ನ ಚುಕ್ಕೆಯ ಸುತ್ತ ಮಾತ್ರ ಬೆರಳಗಲದ ಸ್ವಚ್ಛ ಉಂಗುರ. ಒಂದು ರೋಗಾಣುವೂ ಆ ಗೆರೆ ದಾಟಿರಲಿಲ್ಲ. ನಾನು ಪ್ಲೇಟು ಹಿಡಿದುಕೊಂಡು ಅಲ್ಲೇ ಸ್ಟೂಲಿನ ಮೇಲೆ ಕುಸಿದು ಕೂತೆ. ನೋಟ್‌ಬುಕ್ಕಿನಲ್ಲಿ 'ಇದೆ' ಎಂದು ಬರೆದೆ.

ಇಲ್ಲಿಂದ ಮುಂದಿನದು ನನ್ನ ತಪ್ಪು. ಇಂಥದ್ದು ಸಿಕ್ಕ ದಿನವೇ ಮಾಡಬೇಕಾದ ಕೆಲಸ ಒಂದೇ: ಮೊದಲ ಪ್ಲೇಟಿನಿಂದಲೇ ನಾಲ್ಕೈದು ಸಣ್ಣ ಟ್ಯೂಬುಗಳಿಗೆ ತೆಗೆದು, ಗ್ಲಿಸರಾಲ್ ಬೆರೆಸಿ, ಡೀಪ್ ಫ್ರೀಜರಿನಲ್ಲಿ ಇಟ್ಟುಬಿಡಬೇಕು. ಏಕೆಂದರೆ ಈ ಜಾತಿಯವು ಕಾಡಿನ ಬುದ್ಧಿ ಮರೆಯುತ್ತವೆ. ಪ್ಲೇಟಿನಿಂದ ಪ್ಲೇಟಿಗೆ ಸಾಗಿಸುತ್ತ ಹೋದರೆ, ಹೊಟ್ಟೆ ತುಂಬ ಊಟವೂ ಸಿಕ್ಕು, ಜಗಳಕ್ಕೆ ಯಾರೂ ಇಲ್ಲವೆಂದಾದಾಗ, ವಿಷ ಮಾಡುವುದನ್ನೇ ಬಿಟ್ಟುಬಿಡುವುದುಂಟು. ಎಷ್ಟು ವಿದ್ಯಾರ್ಥಿಗಳಿಗೆ ಇದನ್ನು ಗದರಿ ಗದರಿ ಕಲಿಸಿದ್ದೇನೆ! ನಾನು ಮಾತ್ರ, ನಾಳೆ ಇಡೋಣ ಎಂದೆ. ಆ ನಾಳೆ ಮೇಡಂ ಯಾರನ್ನೋ ಕರೆತಂದರು, 'ಉಂಗುರ ತೋರಿಸು' ಎಂದರು. ತೋರಿಸಿದೆ. ಮರುವಾರ ಇನ್ನೊಬ್ಬರು. ಹಳೆಯ ಪ್ಲೇಟು ತೋರಿಸಿದರೆ ಚೆನ್ನಾಗಿರುವುದಿಲ್ಲವೆಂದು ಪ್ರತಿ ಸಲ ಹೊಸ ಪ್ಲೇಟಿಗೆ ದಾಟಿಸಿ, ಹೊಸ ಉಂಗುರ ಮಾಡಿ ಇಡುತ್ತಿದ್ದೆ. ಹೆಣ್ಣು ನೋಡುವ ಶಾಸ್ತ್ರದಂತೆ ಆ ಬಡಪಾಯಿ ಜೀವಿಯನ್ನು ಬಂದವರೆದುರು ಕೂರಿಸಿದ್ದೇ ಕೂರಿಸಿದ್ದು. ಡಿಸೆಂಬರಿನಲ್ಲಿ ಉಂಗುರ ಸ್ವಲ್ಪ ಸಣ್ಣದಾದಂತೆ ಕಂಡಿತು. ಪ್ಲೇಟಿಗೆ ಅಗರ್ ಲೋಳೆ ದಪ್ಪ ಸುರಿದಿರಬೇಕು ಎಂದುಕೊಂಡೆ. ಮರುವಾರ ಇನ್ನೂ ಸಣ್ಣದಾಯಿತು. ರೋಗಾಣು ಜಾಸ್ತಿ ಹಾಕಿರಬೇಕು ಎಂದುಕೊಂಡೆ. ಜನವರಿ ಎರಡನೇ ವಾರ, ಕೊನೆಗೂ ಗ್ಲಿಸರಾಲ್ ಟ್ಯೂಬುಗಳನ್ನು ತಯಾರು ಮಾಡಿಟ್ಟು, ಅದೇ ಚುಕ್ಕೆಯನ್ನು ಇನ್ನೊಮ್ಮೆ ಪರೀಕ್ಷೆಗಿಟ್ಟರೆ ಪ್ಲೇಟಿನ ತುಂಬ ರೋಗಾಣು, ನನ್ನ ಚುಕ್ಕೆಯ ಮೈಗಂಟಿಕೊಂಡೇ ಬೆಳೆದಿತ್ತು. ಉಂಗುರವೇ ಇರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಮಾರ್ಚಿನಲ್ಲಿ ಪ್ರಾಜೆಕ್ಟಿನ ಪರಿಶೀಲನೆ ಇತ್ತು. ಆ ಒಂದು ಉಂಗುರದ ಮೇಲೆ ನನ್ನ ಕೆಲಸ ನಿಂತಿತ್ತು. ಇದ್ದರೆ ಮುಂದುವರಿಕೆ, ಇಲ್ಲದಿದ್ದರೆ ಮನೆ. ನಾನು ಮೇಡಂಗೂ ಹೇಳಲಿಲ್ಲ. ಒಂದು ದಾರಿ ಉಳಿದಿತ್ತಲ್ಲ: ಮರ ಅಲ್ಲೇ ಇದೆ. ಅದೇ ಬಿರುಕಿನಿಂದ ಮತ್ತೆ ಕೆರೆದರೆ ಅದೇ ಜೀವಿ ಮತ್ತೆ ಸಿಕ್ಕೀತು. ಭಾನುವಾರ ತೆಗೆಯೋಣ ಎಂದುಕೊಂಡೆ. ಆದರೆ ಆ ಮರದ ಕೆಳಗೆ ಮಕ್ಕಳು ಕ್ರಿಕೆಟ್ಟಿಗೆ ತೊಗಟೆಯ ಮೇಲೆ ಸ್ಟಂಪಿನ ಗೆರೆ ಎಳೆಯುತ್ತಿದ್ದರು, ಯಾರೋ ಮೊಳೆ ಹೊಡೆದು ದೀಪದ ಸರ ಕಟ್ಟಿದ್ದರು. ಅದಕ್ಕೇ ಗುರುವಾರ ಊಟಕ್ಕೆ ಕೂತಾಗ ಅಪ್ಪನಿಗೆ ಹೇಳಿದೆ.

"ಅಪ್ಪಾ, ಎರಡನೇ ಗೇಟಿನ ಹತ್ರ ಇರೋ ಬಾಗೆ ಮರ ನನ್ನ ಕೆಲಸಕ್ಕೆ ತುಂಬಾ ಮುಖ್ಯ. ಸ್ವಲ್ಪ ನೋಡ್ಕೊಳ್ತೀರಾ?"

ಅಪ್ಪ ತುತ್ತು ಕೆಳಗಿಟ್ಟರು. "ನೋಡ್ಕೊಳ್ತೀನಿ. ನೀನು ಚಿಂತೆ ಬಿಡು."

ಇಷ್ಟೇ ನಾನು ಹೇಳಿದ್ದು. ಮುಟ್ಟಬೇಡಿ ಅಂತ ಹೇಳಲಿಲ್ಲ.

ಭಾನುವಾರ ಬೆಳಗ್ಗೆ ಮಂಜು ಇನ್ನೂ ಇಳಿದಿರಲಿಲ್ಲ. ನಾನು ಟ್ಯೂಬು, ಚಾಕು ಜೋಡಿಸಿಕೊಳ್ಳುತ್ತಿದ್ದಾಗ ಮಗಳು ಓಡಿಬಂದಳು. "ಅಮ್ಮಾ, ನೀಚೇ ಆವೋ ನಾ! ತಾತ ನಿನಗೆ ಸರ್‌ಪ್ರೈಸ್ ಕೊಡ್ತಾರಂತೆ!"

ಕೆಳಗೆ ಹೋದೆ. ಸಾಲಿನ ಉಳಿದ ಮರಗಳಿಗೆ ಸೊಂಟದೆತ್ತರಕ್ಕೆ ಮಾಮೂಲಿ ಪಟ್ಟಿ. ನನ್ನ ಬಾಗೆ ಮರಕ್ಕೆ ಮಾತ್ರ ಬುಡದಿಂದ ಹಿಡಿದು ಮೊದಲ ಕೊಂಬೆಯವರೆಗೂ ಬಳಿದಿತ್ತು. ಕೆಳಗೆ ಕೆಮ್ಮಣ್ಣು, ಮೇಲೆ ದಪ್ಪನೆಯ ಬಿಳಿ, ನಡುವೆ ಹಗ್ಗ ಹಿಡಿದು ಎಳೆದಂಥ ಗೆರೆ. ಪಕ್ಕದಲ್ಲಿ ಏಣಿ. ಏಣಿಯ ಬುಡದಲ್ಲಿ ಕೈಯಲ್ಲಿ ಬ್ರಷ್ಷು ಹಿಡಿದು ಅಪ್ಪ ನಿಂತಿದ್ದರು. ಮೂಗಿನ ತುದಿಯ ಮೇಲೂ ಸುಣ್ಣ.

"ನಾನೇ ಹೊಡೆದೆ, ಮಾಲಿ ಕೈಗೆ ಕೊಡ್ಲಿಲ್ಲ," ಎಂದರು. "ಎದೆ ಮಟ್ಟದಲ್ಲಿ ಯಾರೋ ಕೆರೆದು ಗಾಯ ಮಾಡಿದ್ರು ಪುಟ್ಟಿ. ಗೆದ್ದಲು ಹತ್ತಿಬಿಡುತ್ತೆ. ಅದಕ್ಕೆ ಮೊದಲು ತಂತಿ ಬ್ರಷ್‌ನಲ್ಲಿ ಸತ್ತ ತೊಗಟೆಯೆಲ್ಲ ತೆಗೆದು, ಸುಣ್ಣಕ್ಕೆ ಮೈಲುತುತ್ತ ಸೇರಿಸಿ ಎರಡು ಕೋಟಿಂಗ್ ಕೊಟ್ಟಿದೀನಿ. ನಮ್ಮಲ್ಲಿ ಕಾಫಿ ಗಿಡಕ್ಕೆ ಹೊಡೆಯೋ ಹಾಗೆ. ಇನ್ನು ಒಂದು ಹುಳವೂ ಬರಲ್ಲ."

ಸುಣ್ಣ ಸಾಲದೆಂದು ಮೈಲುತುತ್ತ! ಊರಿನ ತೋಟದಲ್ಲಿ ಬೂಷ್ಟು ಕೊಲ್ಲಲು ಹೊಡೆಯುವ ಮದ್ದು. ಸೂಕ್ಷ್ಮಜೀವಿ ಒಂದನ್ನು ಬುಡಸಮೇತ ನಿರ್ನಾಮ ಮಾಡು ಎಂದು ನನಗೇ ಯಾರಾದರೂ ಹೇಳಿದ್ದರೆ ಇದಕ್ಕಿಂತ ಅಚ್ಚುಕಟ್ಟಾಗಿ ಮಾಡಲು ನನ್ನ ಕೈಲಾಗುತ್ತಿರಲಿಲ್ಲ.

"ಕೆರೆದ ತೊಗಟೆ ಎಲ್ಲಿ?" ಎಂದೆ.

"ಕಸದ ಗಾಡಿಗೆ ಹಾಕ್ಸಿದೆ. ಯಾಕೆ?"

ಆಮೇಲೆ ನಾನು ಆಡಿದ ಮಾತುಗಳೆಲ್ಲ ನೆನಪಿವೆ, ಎಲ್ಲವನ್ನೂ ಬರೆಯಲಾರೆ. ಮಗಳ ಎದುರು, ಮಾಲಿ ಭಯ್ಯಾನ ಎದುರು, ಬೆಳಗಿನ ವಾಕಿಂಗಿಗೆ ಬಂದಿದ್ದ ಕರ್ನಲ್ ಒಬ್ಬರ ಎದುರು ಕಿರುಚಿದೆ. "ಎರಡು ವರ್ಷದ ಕೆಲಸ ಅಪ್ಪಾ! ಎರಡು ವರ್ಷ! ಒಂದು ಬಕೆಟ್ ಸುಣ್ಣದಲ್ಲಿ ಮುಗಿಸಿಬಿಟ್ರಲ್ಲ! ನಿಮಗೆ ಯಾರು ಹೇಳಿದ್ದು ಇದಕ್ಕೆ ಕೈ ಹಾಕಿ ಅಂತ? ಗೊತ್ತಿಲ್ದಿದ್ರೆ ಕೇಳ್ಬಾರ್ದಾ?"

ಅಪ್ಪ ಬ್ರಷ್ಷು ಕೆಳಗಿಟ್ಟು, ಎರಡು ಕೈಯನ್ನೂ ಪಕ್ಕಕ್ಕೆ ಬಿಟ್ಟು ನೆಟ್ಟಗೆ ನಿಂತು ಪೂರ್ತಿ ಕೇಳಿಸಿಕೊಂಡರು. ಮೂವತ್ತು ವರ್ಷ ಮೇಲಿನವರ ಬೈಗುಳವನ್ನು ಹಾಗೇ ಕೇಳಿಸಿಕೊಂಡಿರಬೇಕು. ನನಗೆ ಅದನ್ನು ಕಂಡು ಇನ್ನೂ ಸಿಟ್ಟು ಬಂತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುತ್ತಿದ್ದೇನೆ ಎಂದು ಒಳಗೊಳಗೇ ಗೊತ್ತಿತ್ತು. ಗೊತ್ತಿದ್ದೇ ಹಾಕಿದೆ.

ಆ ವಾರ ಅದೇ ಏಣಿ ಹತ್ತಿ ಕೊಂಬೆಗಳ ತೊಗಟೆ ಕೆರೆದೆ. ಸಾಲಿನಲ್ಲಿದ್ದ ಉಳಿದ ಮೂರು ಬಾಗೆ ಮರಗಳನ್ನೂ ಕೆರೆದೆ. ಬೂಷ್ಟು, ಬೂಷ್ಟು, ಬೂಷ್ಟು. ಬೂದು ಬಣ್ಣದ ಚುಕ್ಕೆಗಳು ಐದಾರು ಎದ್ದವು, ಒಂದಕ್ಕೂ ಉಂಗುರವಿಲ್ಲ. ಒಂದು ಸಂಜೆ ಕೆಲಸದಿಂದ ಬಂದರೆ ಅಪ್ಪ ಮರದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ನಾರಿನ ಬ್ರಷ್ಷಿನಿಂದ ಸುಣ್ಣ ಉಜ್ಜುತ್ತಿದ್ದರು. ಪಕ್ಕದಲ್ಲಿ ಅಡುಗೆಮನೆಯ ವಿನೆಗರ್ ಬಾಟಲಿ. ವಿನೆಗರಿನಲ್ಲಿ ಸುಣ್ಣ ಕರಗುತ್ತದೆಂದು ಯಾವುದೋ ವಿಡಿಯೋದಲ್ಲಿ ನೋಡಿದ್ದರಂತೆ. ನಾನು ಬಾಟಲಿ ಕಿತ್ತುಕೊಂಡೆ.

"ಸಾಕು ಬಿಡಿ ಅಪ್ಪಾ. ಇದ್ದದ್ದೂ ಸಾಯುತ್ತೆ."

"ಏನಾದ್ರೂ ಮಾಡೋಕಾಗುತ್ತಾ ಅಂತ ನೋಡ್ದೆ," ಎಂದರು. ಬ್ರಷ್ಷನ್ನು ಬೆನ್ನ ಹಿಂದೆ ಇಟ್ಟುಕೊಂಡರು.

ಪರಿಶೀಲನೆಯ ದಿನ ಬೆಳಗ್ಗೆ ಮೆಟ್ರೋದಲ್ಲಿ ಪೆನ್ ಹುಡುಕುತ್ತಿದ್ದಾಗ ಬ್ಯಾಗಿನಲ್ಲಿ ಒಂದು ಕವರ್ ಸಿಕ್ಕಿತು. ಕಾಲಿಂದಿ ಕುಂಜ್ ದಾಟುತ್ತಿದ್ದೆವು, ಕೆಳಗೆ ಯಮುನೆಯ ಮೇಲೆ ನೊರೆ ತೇಲುತ್ತಿತ್ತು. ಒಳಗೆ ಅಪ್ಪನ ದುಂಡು ಅಕ್ಷರದಲ್ಲಿ ಒಂದು ಪುಟ, ಅವರ ಸೈನ್ಯದ ಇಂಗ್ಲಿಷಿನಲ್ಲಿ. ಮೇಲ್ಗಡೆ ನಂಬರ್, ರ‍್ಯಾಂಕ್, ಹೆಸರು, 'ನಿವೃತ್ತ'. ಅದರ ಕೆಳಗಿನದು ಕನ್ನಡದಲ್ಲಿ ಹೀಗಾಗುತ್ತದೆ: 'ಮಾನ್ಯರೇ, ಸಂಶೋಧನೆಗೆ ಬೇಕಾದ ಮರಕ್ಕೆ ಯಾರ ಅಪ್ಪಣೆಯೂ ಇಲ್ಲದೆ ಸುಣ್ಣ ಹೊಡೆದು ನಾಶ ಮಾಡಿದವನು ನಾನು. ಇದರಲ್ಲಿ ನನ್ನ ಮಗಳ ತಪ್ಪು ಏನೂ ಇಲ್ಲ. ಶಿಕ್ಷೆ ಏನಿದ್ದರೂ ನನಗೆ ಕೊಡಬೇಕಾಗಿ ವಿನಂತಿ. ಅವಳನ್ನು ಕೆಲಸದಿಂದ ತೆಗೆಯಬಾರದು.' ಕೆಳಗೆ ಸಹಿ.

ಓದಿ ಮಡಚಿ ಒಳಗಿಟ್ಟೆ. ಇದನ್ನು ಯಾರಿಗೂ ತೋರಿಸುವುದಿಲ್ಲ ಎಂದುಕೊಂಡೆ. ದೇವರಾಣೆ, ಹಾಗೇ ಅಂದುಕೊಂಡಿದ್ದೆ.

ಸಮಿತಿಯಲ್ಲಿ ಐವರಿದ್ದರು. ಉಂಗುರ ಈಗ ಬರುತ್ತಿಲ್ಲ ಎಂದು ಅವರೆದುರು ಒಪ್ಪಿಕೊಂಡೆ. ಹೊರಗಿನಿಂದ ಬಂದಿದ್ದ ಹಿರಿಯ ಮಹಿಳೆಯೊಬ್ಬರು ನನ್ನ ಹಳೆಯ ಫೋಟೋಗಳನ್ನು, ಆ ಬೆರಳಗಲದ ಉಂಗುರವನ್ನು ಬಹಳ ಹೊತ್ತು ನೋಡಿದರು. "ಚೆನ್ನಾಗಿದೆ. ಈಗ ಈ ಶಕ್ತಿ ಇಲ್ಲ ಅಂತೀರಿ. ಮೊದಲ ಪ್ಲೇಟಿನ ಸ್ಟಾಕ್ ಫ್ರೀಜರಿನಲ್ಲಿ ಇದೆ ತಾನೆ? ಅದನ್ನು ಎಬ್ಬಿಸಿ ನೋಡಿದಿರಾ?"

ಮೇಡಂ ನನ್ನ ಕಡೆ ತಿರುಗಿದರು. ಎಲ್ಲರೂ ತಿರುಗಿದರು. ಇಲ್ಲ, ಇಡಲಿಲ್ಲ, ನಾನು ಮರೆತೆ. ಇಷ್ಟು ಹೇಳಿದ್ದರೆ ಮುಗಿಯುತ್ತಿತ್ತು. ನನ್ನ ಬಾಯಿಂದ ಬಂದದ್ದು, "ಮೂಲ ಮರದಿಂದಲೇ ಮತ್ತೆ ತೆಗೆಯಬಹುದಿತ್ತು. ಆದರೆ ಅದಕ್ಕೊಂದು ಅನಾಹುತವಾಯಿತು." ಹೇಳುತ್ತ ಹೇಳುತ್ತಲೇ ಕೈ ಬ್ಯಾಗಿಗೆ ಹೋಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನಗೆ ನೆಲವೂ ಸಿಕ್ಕಿತ್ತು, ಆ ನೆಲವೇ ಬರೆದುಕೊಟ್ಟ ತಪ್ಪೊಪ್ಪಿಗೆಯೂ ಸಿಕ್ಕಿತ್ತು.

ಪತ್ರ ಕೈಯಿಂದ ಕೈಗೆ ಹೋಯಿತು. ಒಬ್ಬರು "ಅರೇ, ಫೌಜಿ ಹೈಂ!" ಸೈನ್ಯದವರಲ್ಲವೇ ಎಂದು ನಕ್ಕರು. ಇನ್ನೊಬ್ಬರು ತಮ್ಮ ಮಾವನೂ ಹೀಗೇ, ಗುಲಾಬಿ ಕುಂಡಕ್ಕೂ ಸುಣ್ಣ ಹೊಡೆಸುತ್ತಾರೆ ಎಂದರು. ಕೋಣೆಯಲ್ಲಿ ಬಿಗಿ ಸಡಿಲವಾಯಿತು, ಚಹಾ ಬಂತು. ಆ ಹಿರಿಯ ಮಹಿಳೆ ಮಾತ್ರ ನಗಲಿಲ್ಲ. ಪತ್ರವನ್ನು ಮಡಚಿ ನನ್ನ ಕೈಗೆ ಕೊಡುವಾಗ ಒಂದು ಗಳಿಗೆ ಮುಖ ನೋಡಿದರು. ಆದರೆ ಫ್ರೀಜರಿನ ಪ್ರಶ್ನೆಯನ್ನು ಮತ್ತೆ ಕೇಳಲಿಲ್ಲ. ನನಗೆ ಮೂರು ತಿಂಗಳ ಅವಕಾಶ ಸಿಕ್ಕಿತು.

ಮನೆಗೆ ಬಂದಾಗ ಅಪ್ಪ ಬಾಗಿಲಲ್ಲೇ ಇದ್ದರು. "ಪತ್ರ ಕೊಟ್ಯಾ?"

"ಕೊಟ್ಟೆ. ಒಪ್ಕೊಂಡ್ರು. ಮೂರು ತಿಂಗಳು ಕೊಟ್ರು."

"ನನಗೇನೂ ಶಿಕ್ಷೆ ಹೇಳ್ಲಿಲ್ವಾ?"

"ಇಲ್ಲ ಅಪ್ಪಾ."

ಅವತ್ತು ಬಹಳ ದಿನಗಳ ಮೇಲೆ ಅಪ್ಪ ಎರಡನೇ ಸಲ ಅನ್ನ ಹಾಕಿಸಿಕೊಂಡರು. ಬಡಿಸಿದ್ದು ನಾನೇ.

ಮೂರು ತಿಂಗಳಲ್ಲಿ ಏನೂ ಸಿಗಲಿಲ್ಲ. ಪ್ರಾಜೆಕ್ಟ್ ಮುಚ್ಚಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಈಗ ನಾನು ಓಖ್ಲಾದ ಒಂದು ಖಾಸಗಿ ಲ್ಯಾಬಿನಲ್ಲಿ ಮಸಾಲೆಪುಡಿ, ಬಾಟಲಿ ನೀರು ಪರೀಕ್ಷೆ ಮಾಡುತ್ತೇನೆ. ಅಲ್ಲಿ ಪ್ಲೇಟಿನ ಮೇಲೆ ಏನೂ ಬೆಳೆಯದಿದ್ದರೆ ಒಳ್ಳೆಯ ಸುದ್ದಿ. 'ಏನೂ ಇಲ್ಲ' ಎಂದು ಬರೆದರೆ ಎಲ್ಲರಿಗೂ ಖುಷಿ.

ಮರುವರ್ಷದ ಜನವರಿಯಲ್ಲಿ ಬಕೆಟ್ಟು ಮತ್ತೆ ಹೊರಬಂತು. ಅಷ್ಟರಲ್ಲಿ ಹಳೆಯ ಸುಣ್ಣ ಮಳೆಗೆ ಸುಮಾರು ತೊಳೆದುಹೋಗಿತ್ತು. ಬಾಗೆ ಮರದ ಸರದಿ ಬಂದ ದಿನ ಅಪ್ಪ ಪ್ಲಾಸ್ಟಿಕ್ ಕುರ್ಚಿ ಒಯ್ದು ಅದರ ಬುಡದಲ್ಲಿ ಹಾಕಿ ಕೂತರು. ಸುಣ್ಣ ಹೊಡೆಯುವವರು ದಾಟಿ ಹೋಗುವವರೆಗೆ ಏಳಲಿಲ್ಲ. ಇಡೀ ಸಾಲಿನಲ್ಲಿ ಅದೊಂದೇ ಮರ ಬೋಳು. ಸಾಲು ತಪ್ಪಿದ ಮರವನ್ನು ದಿನಾ ನೋಡುವುದು ಅಪ್ಪನಿಗೆ ಎಷ್ಟು ಹಿಂಸೆ ಎಂದು ನನಗೆ ಗೊತ್ತು. ಆಗಾಗ ಹುಷಾರಾಗಿ ಕೇಳುತ್ತಿದ್ದರು, "ಪುಟ್ಟಿ, ಅದು ಮತ್ತೆ ಬಂದಿರಬಹುದಾ?" ನೋಡಬೇಕು ಅಪ್ಪಾ ಎನ್ನುತ್ತಿದ್ದೆ. ನೋಡಲು ನನಗೆ ಲ್ಯಾಬೂ ಇರಲಿಲ್ಲ, ಮುಖವೂ ಇರಲಿಲ್ಲ.

ಈ ವರ್ಷ ಅಪ್ಪನ ಮಂಡಿ ನೋವು ಜಾಸ್ತಿಯಾಗಿದೆ. ಚಳಿಯೂ ಹಾಗೇ ಇತ್ತು, ಹತ್ತು ಗಂಟೆಯಾದರೂ ಎದುರಿನ ಟವರ್ ಕಾಣದಷ್ಟು ಮಂಜು. ಹಾಲು ತರಲು ಇಳಿದವಳು ಎರಡನೇ ಗೇಟಿನ ಕಡೆ ಮಾತು ಕೇಳಿ ನಿಂತೆ. ಮಂಕಿ ಕ್ಯಾಪು, ಎರಡು ಸ್ವೆಟರು, ಮಡಿಲಲ್ಲಿ ಊರುಗೋಲು. ಅಪ್ಪ ಕುರ್ಚಿಯಲ್ಲಿ ಕೂತಿದ್ದರು. ಒಂದೇ ಮರ ಬೋಳಿದ್ದರೆ ಚೆನ್ನಾಗಿ ಕಾಣುವುದಿಲ್ಲ ಎಂದು ಹೊಸ ಮಾಲಿ ಭಯ್ಯಾ ಬಕೆಟ್ಟು ಹಿಡಿದು ಗೋಗರೆಯುತ್ತಿದ್ದ.

"ಸಾಬ್, ಏಕ್ ಹೀ ಪೇಡ್ ಖಾಲಿ ಅಚ್ಛಾ ನಹೀ ಲಗ್ತಾ."

"ಇಸ್ ಕೋ ನಹೀ," ಎಂದರು ಅಪ್ಪ. "ಯೇ ಮೇರಿ ಬೇಟಿ ಕಾ ಪೇಡ್ ಹೈ. ಏಕ್ ಬಾರ್ ಗಲ್ತಿ ಕರ್ ಚುಕಾ ಹೂಂ."

ಇದು ನನ್ನ ಮಗಳ ಮರ, ಒಮ್ಮೆ ತಪ್ಪು ಮಾಡಿಬಿಟ್ಟಿದ್ದೇನೆ! ಆ ಮಾತು ಕೇಳಿದ ಮೇಲೆ ನನ್ನ ಕೈಲಿ ತಡೆಯಲಾಗಲಿಲ್ಲ. ಹತ್ತಿರ ಹೋಗಿ, ಭಯ್ಯಾನಿಗೆ ಅರ್ಥವಾಗದಿರಲಿ ಎಂದು ಕನ್ನಡದಲ್ಲೇ, ಒಂದೇ ಉಸಿರಿಗೆ ಹೇಳಿದೆ. "ಅಪ್ಪಾ, ಅದು ನಿಮ್ಮಿಂದ ಹೋಗಿದ್ದಲ್ಲ. ನೀವು ಸುಣ್ಣ ಹೊಡೆಯೋಕೆ ಮುಂಚೆನೇ ನಾನು ಅದನ್ನ ಕೆಡಿಸಿದ್ದೆ. ಸಿಕ್ಕ ದಿನಾನೇ ಫ್ರೀಜರಿನಲ್ಲಿ ಇಡಬೇಕಿತ್ತು, ಇಡ್ಲಿಲ್ಲ. ಬಂದವರಿಗೆಲ್ಲ ತೋರಿಸಿ ಮೆರೆದೆ. ಮರದ ಹತ್ರ ಬಂದದ್ದೇ ನನ್ನ ತಪ್ಪು ಮುಚ್ಚೋಕೆ."

ಅಪ್ಪ ಕ್ಯಾಪನ್ನು ಕಿವಿಯ ಮೇಲಿಂದ ಸರಿಸಿದರು. "ಆವಾಗ ಯಾಕೆ ಹೇಳ್ಲಿಲ್ಲ?"

"ನಿಮ್ಮ ಪತ್ರ ಇತ್ತಲ್ಲ."

ಗಾಳಿಗೆ ಮೇಲೆ ಒಣಗಿದ ಕಾಯಿಗಳು ಗಲಗಲ ಎಂದವು. ಬೈಯುತ್ತಾರೆ ಎಂದು ಕಾದೆ. ಬೈಯಲಿ ಎಂದೇ ಕಾದೆ, ಭಯ್ಯಾನ ಎದುರು, ಅವತ್ತು ನಾನು ಬೈದಷ್ಟೇ ಜೋರಾಗಿ. ಅಪ್ಪ ಮರವನ್ನು ನೋಡಿದರು, ಆಮೇಲೆ ತಾವು ಕೂತಿದ್ದ ಕುರ್ಚಿಯನ್ನು ನೋಡಿದರು. ಕೋಲು ಊರಿ, ಮಂಡಿ ಹಿಡಿದುಕೊಂಡು ಎದ್ದರು.

"ಭಯ್ಯಾ, ಬಾಲ್ಟಿ ಇಧರ್ ಲಾವೋ." ಬಕೆಟ್ಟು ಹತ್ತಿರ ತರಿಸಿ, ಅವನ ಕೈಯಿಂದ ಬ್ರಷ್ಷು ತೆಗೆದುಕೊಂಡು ನನ್ನ ಕಡೆ ಚಾಚಿದರು. "ಹಿಡ್ಕೋ. ನೀನೇ ಹೊಡಿ."

ಬ್ರಷ್ಷು ಅದ್ದಿದೆ. ಎದೆಯೆತ್ತರದಲ್ಲಿ, ನಾನು ಮೊದಲ ಸಲ ಕೆರೆದ ಜಾಗದಲ್ಲಿ, ಎರಡು ವರ್ಷದಲ್ಲಿ ತೊಗಟೆ ಮತ್ತೆ ಬಿರುಕು ಬಿಟ್ಟು ಕಪ್ಪಾಗಿತ್ತು. ಬಿರುಕಿನೊಳಗೆ ಬೂದು ಬಣ್ಣದ್ದೇನೋ ಇದ್ದ ಹಾಗೆ ಕಂಡಿತು. ಧೂಳೂ ಇರಬಹುದು. ಒಂದು ಗಳಿಗೆ ಕೈ ನಿಂತಿತು. ಅಪ್ಪ ಹಿಂದಿನಿಂದ, "ಗೆರೆ ನೆಟ್ಟಗಿರ್ಲಿ" ಎಂದರು.

ಹೊಡೆದೆ. ಕಣ್ಣು ಮಂಜಾಗಿ ಗೆರೆ ಎರಡು ಸಲ ಸೊಟ್ಟಗಾಯಿತು. ಎರಡು ಸಲವೂ ಅಪ್ಪ ಒದ್ದೆ ಬಟ್ಟೆಯಲ್ಲಿ ಒರೆಸಿ, ಮತ್ತೆ ಮೊದಲಿಂದ ಹೊಡೆಸಿದರು.